ಬಾಯಿಪಾಠದ ಕಣ್ಣು

ನಮ್ಮ ಯಜಮಾನರು ಬೋರ್ಡು ಬರೆಯುವವರು. ಅಂಗಡಿ ಬೀದಿಯ ಅರ್ಧ ಹೆಸರುಗಳು ಅವರ ಕುಂಚದಿಂದಲೇ ಬಂದವು. ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಗುರಿ ಹಿಡಿದು, ಅಡಿಕೋಲಿಲ್ಲದೆ ಗೆರೆ ಎಳೆಯುತ್ತಿದ್ದರು. ಆ ಜಂಭ ಅವರಿಗೆ ಒಪ್ಪುತ್ತಲೂ ಇತ್ತು. ಒಂದು ದಿನ ಔಷಧಿ ಅಂಗಡಿಯವನು ಬಂದು, "ಅಣ್ಣಾ, ಅಕ್ಷರ ನಡುವೆ ಜೋತುಬಿದ್ದಿದೆ" ಎಂದ. "ನಿನ್ನ ಗೋಡೆನೇ ಸೊಟ್ಟ" ಎಂದರು ಇವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಗೋಡೆ ನೆಟ್ಟಗೇ ಇತ್ತು, ಕೆಟ್ಟಿದ್ದು ಬಲಗಣ್ಣು. ಕಣ್ಣಿನ ಹಿಂದಿನ ಪರದೆಯ ಅಡಿಯಲ್ಲಿ ಬೇಡದ ರಕ್ತನಾಳಗಳು ಬೆಳೆದು ಸೋರುತ್ತಿವೆ, ಅದಕ್ಕೇ ನೆಟ್ಟಗಿನ ಗೆರೆ ಡೊಂಕಾಗಿ ಕಾಣುತ್ತದೆ ಎಂದರು ಕಣ್ಣಾಸ್ಪತ್ರೆಯ ಡಾಕ್ಟರಮ್ಮ. ಅದನ್ನು ತಡೆಯಲು ತಿಂಗಳು ತಿಂಗಳೂ ಕಣ್ಣಿಗೇ ಸೂಜಿ. ಏಣಿಯ ತುದಿಯಲ್ಲಿ ಒಂಟಿ ಕಾಲಲ್ಲಿ ನಿಲ್ಲುವ ಮನುಷ್ಯ ಸೂಜಿ ಎಂದರೆ ಎಳೆಮಗು. ಒಂದು ತಿಂಗಳು ಹೋದರೆ ಮುಂದಿನ ತಿಂಗಳು ಹೊಟ್ಟೆನೋವು. ತಪ್ಪಿಸಿದ ಪ್ರತಿ ಸಲವೂ ಕಣ್ಣು ಇನ್ನಷ್ಟು ಮಂಕಾಯಿತು. ಹೀಗೇ ಆದರೆ ಕಣ್ಣಿನ ಜೊತೆ ಕುಂಚವೂ ಹೋಗುತ್ತದೆ ಎಂದು ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಆಗ ಡಾಕ್ಟರಮ್ಮ ಜೀನ್ ಚಿಕಿತ್ಸೆಯ ಮಾತು ತೆಗೆದರು. "ಒಂದೇ ಒಂದು ಸಲ ಸೂಜಿ ಕೊಡೋದು. ಔಷಧಿ ಮಾಡೋ ಜೀನನ್ನ ಕಣ್ಣೊಳಗೆ ಸೇರಿಸ್ತೀವಿ, ಆಮೇಲೆ ಕಣ್ಣೇ ಔಷಧಿ ಮಾಡ್ಕೊಳ್ಳುತ್ತೆ. ಇದಿನ್ನೂ ಪ್ರಯೋಗ. ಹೋದ ದೃಷ್ಟಿ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ. ಇರೋದು ಉಳಿದ್ರೆ ಅದೇ ಲಾಭ. ಆದ್ರೆ ಕಣ್ಣು ಇಷ್ಟು ಮಟ್ಟಕ್ಕೆ ಮಂದ ಆಗಿದ್ರೆ ಮಾತ್ರ ಸೇರಿಸಿಕೊಳ್ಳೋದು."

ಮಂದವಾಗಿದ್ದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನಾನು ಧೈರ್ಯವಾಗಿ ಇವರನ್ನು ಕರೆದುಕೊಂಡು ಹೋದೆ.

ಪರೀಕ್ಷೆಯ ದಿನ ನರ್ಸ್ ನಮ್ಮ ಯಜಮಾನರ ಎಡಗಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಹೇಳಿದಳು. ಇವರು ಮೇಲಿನಿಂದ ಕೆಳಗಿನವರೆಗೆ ಗಿಣಿಯ ಹಾಗೆ ಒಪ್ಪಿಸಿಬಿಟ್ಟರು. ಡಾಕ್ಟರಮ್ಮ ಕನ್ನಡಕ ತೆಗೆದು, "ಇಷ್ಟು ಚೆನ್ನಾಗಿ ಕಂಡ್ರೆ ಸೇರಿಸಿಕೊಳ್ಳೋಕೆ ಆಗಲ್ಲ" ಎಂದರು.

ಆದರೆ ನಾನು ಇವರ ಬಲಗೈ ನೋಡಿದ್ದೆ. ಬಾಯಿ ಓದುವ ಮೊದಲೇ ತೋರುಬೆರಳು ತೊಡೆಯ ಮೇಲೆ ಆ ಅಕ್ಷರವನ್ನು ಬರೆಯುತ್ತಿತ್ತು! ಅಕ್ಷರದ ಮನುಷ್ಯ. ಸೂಜಿಗೆ ಹೋದಾಗಲೆಲ್ಲ ಒಳ್ಳೆಯ ಕಣ್ಣಿನಲ್ಲಿ ನೋಡಿ ನೋಡಿ ಇಡೀ ಗೋಡೆಯನ್ನು ಕೈಗೆ ಇಳಿಸಿಕೊಂಡಿದ್ದರು. ಬೋರ್ಡು ಬರೆಯುವವನಿಗೆ ಅಕ್ಷರ ಕಾಣುವುದಿಲ್ಲ ಎನ್ನುವ ಮಾತು ಬರಬಾರದಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು!

ನನಗೆ ಸಿಟ್ಟು ನೆತ್ತಿಗೇರಿತು. "ಡಾಕ್ಟರಮ್ಮಾ, ಇವರು ಬಾಯಿಪಾಠ ಒಪ್ಪಿಸ್ತಿದ್ದಾರೆ. ಬೇರೆ ಅಕ್ಷರ ತೋರಿಸಿ."

"ಲೇ, ಸುಮ್ನಿರೇ!"

"ಸುಮ್ನಿದ್ದು ಸುಮ್ನಿದ್ದೇ ಇಲ್ಲಿಗೆ ಬಂತು ರೀ. ನಿಮ್ಮ ಮಾನ ನೀವೇ ಇಟ್ಕೊಳ್ಳಿ, ನನಗೆ ಕಣ್ಣು ಬೇಕು."

ನರ್ಸ್ ಬೇರೆ ಹಲಗೆ ತಂದು ತೂಗುಹಾಕಿದಳು. ಇವರು ಮೊದಲ ಸಾಲಿನ ದಪ್ಪ ಅಕ್ಷರ ಓದಿದರು. ಎರಡನೆಯ ಸಾಲಿಗೆ ಕತ್ತು ಮುಂದೆ ಚಾಚಿದರು, ಪಕ್ಕಕ್ಕೆ ವಾಲಿಸಿದರು. ತೊಡೆಯ ಮೇಲಿನ ಬೆರಳು ನಿಂತುಬಿಟ್ಟಿತ್ತು. ಆಮೇಲೆ ಯಾರ ಮುಖವನ್ನೂ ನೋಡದೆ, "ಕಾಣ್ತಿಲ್ಲ" ಎಂದರು. ನನ್ನೆದುರಿಗೂ ಅದುವರೆಗೆ ಆಡದ ಮಾತು ಅದು. ಗೆದ್ದವಳು ನಾನೇ, ಆದರೂ ನಾನೂ ಅವರ ಮುಖ ನೋಡಲಿಲ್ಲ.

"ಸರಿ, ಸೇರಿಸ್ಕೋಬಹುದು" ಎಂದರು ಡಾಕ್ಟರಮ್ಮ.

ಆ ಒಂದು ಸೂಜಿಗೆ ನನ್ನ ಕೈಯನ್ನು ಮೂಳೆ ಮುರಿಯುವ ಹಾಗೆ ಹಿಡಿದುಕೊಂಡಿದ್ದರು. ಈಗ ತಪಾಸಣೆಗೆ ಮಾತ್ರ ಹೋಗುತ್ತೇವೆ. ಕಣ್ಣು ಹೋದಷ್ಟು ಹೋಗಿ ಅಲ್ಲಿಗೇ ನಿಂತಿದೆ, ಸೋರುವುದು ಕಡಿಮೆಯಾಗಿದೆ. ಮುಂದಿನದು ಡಾಕ್ಟರಮ್ಮನಿಗೂ ಗೊತ್ತಿಲ್ಲ.

ಮೊನ್ನೆ ಔಷಧಿ ಅಂಗಡಿಯ ಬೋರ್ಡನ್ನು ಕೆಳಗಿಳಿಸಿ ತಂದು, ಹಳೆಯದನ್ನು ಅಳಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನಾನು ಒಳಗೆ ತರಕಾರಿ ಹೆಚ್ಚುತ್ತಿದ್ದೆ.

"ಏ ಇವಳೇ, ಬಾ ಇಲ್ಲಿ. ನೆಟ್ಟಗಿದೆಯಾ ನೋಡು."

ಮದುವೆಯಾದಾಗಿನಿಂದ ಅವರ ಗೆರೆಯನ್ನು ನೋಡು ಎಂದು ಯಾರಿಗೂ ಹೇಳಿದವರಲ್ಲ. ಹೌದು ಎಂದುಬಿಡೋಣ ಅನ್ನಿಸಿತು.

"ನಡುವೆ ಒಂಚೂರು ಜೋತುಬಿದ್ದಿದೆ ರೀ."

ಅವರು ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಎಳೆದು, ನನಗೆ ಕಾಣಲೆಂದು ಪಕ್ಕಕ್ಕೆ ಸರಿದು ನಿಂತರು.

"ಈಗ?"