ಬಾಗಿಲಲ್ಲಿಲ್ಲದ ಬೂಟು

ನೀಶ್ ನಗರದ ನಮ್ಮ ಪ್ರಯೋಗಾಲಯದಲ್ಲಿ ಆಂಟೆನಾ ಅಳೆಯುವ ಕೋಣೆಗೆ ಒಂದು ಕಟ್ಟಳೆ ಇದೆ. ಬೂಟು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬೇಕು. ಬೂಟು ಕಂಡರೆ ಒಳಗೆ ಜನ ಇದ್ದಾರೆ ಎಂದರ್ಥ. ಅಂದು ಹಿಮದಲ್ಲಿ ನೆನೆದ ಬೂಟನ್ನು ಹೊರಗಿನ ಹೀಟರ್ ಪಕ್ಕ ಒಣಗಲಿಟ್ಟು ಒಳಗೆ ಹೋದೆ, ಬುದ್ಧಿಗೇಡಿ ನಾನು. ತಂತ್ರಜ್ಞ ತಿಹೋಮಿರ್ ಮನೆಯಲ್ಲಿ ಮನೆದೇವರ ಹಬ್ಬ, ಸಂತ ನಿಕೋಲನ ದಿನ. ಮಧ್ಯಾಹ್ನವೇ ಹೊರಟವನು ಬಾಗಿಲ ಬಳಿ ಬೂಟಿಲ್ಲದ್ದು ನೋಡಿ, ದೀಪ ಆರಿಸಿ, ಉಕ್ಕಿನ ಬಾಗಿಲಿಗೆ ಬೀಗ ಜಡಿದ. ಕೂಗಿದೆ. ಗೋಡೆ ತುಂಬ ಹೊದಿಸಿದ ಕಪ್ಪು ಫೋಮ್ ರೇಡಿಯೋ ಅಲೆಯ ಜೊತೆ ದನಿಯನ್ನೂ ನುಂಗುತ್ತದೆ. ಫೋನಿಗೆ ಸಿಗ್ನಲ್ ಇಲ್ಲ; ಹೊರಗಿನ ಒಂದು ಅಲೆಯೂ ಒಳಗೆ ಬರದು ಎಂದು ಬಂದವರೆದುರೆಲ್ಲ ಜಂಬ ಕೊಚ್ಚಿಕೊಂಡವಳೂ ನಾನೇ.

ಫೋನಿನ ಟಾರ್ಚ್ ಹಚ್ಚಿದೆ. ನಡುವಿನ ಕಂಬದ ಮೇಲೆ ನನ್ನ ಮೂರು ವರ್ಷ ನಿಂತಿತ್ತು: ಅಂಗೈಯಗಲದ ಚಪ್ಪಟೆ ಆಂಟೆನಾ, ಅದರ ಮುಂದೆ ಅಲೆಯನ್ನು ಬೇಕಾದತ್ತ ಬಾಗಿಸಲೆಂದು ತಾಮ್ರದ ಪುಟ್ಟ ಉಂಗುರ ಜೋಡಿಸಿದ ಮೆಟಾಮೆಟೀರಿಯಲ್ ಹಾಳೆ. ಹಾಳೆ ಇಟ್ಟರೆ ಅಲೆ ಒಂದೇ ದಿಕ್ಕಿಗೆ ಎರಡು ಪಟ್ಟು ಜೋರಾಗಿ ಹೋಗುತ್ತದೆ ಎಂದು ಅಳತೆ ಹೇಳಿತ್ತು. ಸೋಮವಾರ ಸಮಿತಿಯೆದುರು ಅದನ್ನೇ ಅಳೆದು ತೋರಿಸಿದರೆ ನನ್ನ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಕಂಬದ ಹಿಂದೆ ಏನೋ ಮಿಂಚಿತು. ಫೋಮಿನ ಒಂದು ತುಂಡು ಕಳಚಿ ಬಿದ್ದು, ಅದು ಮುಚ್ಚಬೇಕಿದ್ದ ಲೋಹದ ತಟ್ಟೆ ಬೆತ್ತಲಾಗಿತ್ತು. ಹಿಂದಕ್ಕೆ ಸೋರಿದ ಅಲೆಯನ್ನು ತಟ್ಟೆ ಮುಂದಕ್ಕೆ ತಳ್ಳುತ್ತಿತ್ತು. ಹೋಲಿಕೆಗೆಂದು ಹಾಳೆಯಿಲ್ಲದೆ ಅಳೆದ ದಿನ ತುಂಡು ಜಾಗದಲ್ಲೇ ಇದ್ದು, ಹಾಳೆಯಿಟ್ಟು ಅಳೆಯುವಷ್ಟರಲ್ಲಿ ಬಿದ್ದಿತ್ತೇನೋ. ಹಾಗಾದರೆ ನಾನು ಬೀಗಿದ್ದೆಲ್ಲ ಈ ತಟ್ಟೆಯ ಬಲಕ್ಕೆ, ಹಾಳೆಯ ಬಲಕ್ಕಲ್ಲ.

ಎರಡು ಗಂಟೆಯ ಮೇಲೆ ಬಾಗಿಲು ತೆರೆಯಿತು.

"ಮೀನಿನ ಸಾರು ಬಾಯಿಗಿಡೋ ಹೊತ್ಗೆ ನೆನಪಾಯ್ತು ಕಣಮ್ಮ ಜೊರಾನಾ, ಹೀಟರ್ ಹತ್ರ ನೀರು ಬಿಡ್ತಿದ್ದ ಬೂಟು ಯಾರ್ದು ಅಂತ," ಎಂದ ತಿಹೋಮಿರ್, ಏದುಸಿರು ಬಿಡುತ್ತ.

ಹೊರಗೆ ಓಡುವ ಬದಲು ಅವನನ್ನೇ ಒಳಗೆ ಕರೆದೆ. ಗೊಣಗುತ್ತಲೇ ತುಂಡಿಗೆ ಅಂಟು ಹಾಕಿ ಕೂರಿಸಿದ. ಮತ್ತೆ ಅಳೆದೆವು. ಹೆಚ್ಚಳದಲ್ಲಿ ಹತ್ತರಲ್ಲೊಂದು ಪಾಲೂ ಉಳಿದಿರಲಿಲ್ಲ.

ಕೋಣೆಯಿಂದ ಹೊರಬಂದು ನನ್ನ ಮಾರ್ಗದರ್ಶಕ ಪ್ರೊಫೆಸರ್ ವುಕಾಶಿನ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಅಳತೆಯ ಮೇಲೆ ನಾವು ಬರೆದ ಪ್ರಬಂಧ ಆಗಲೇ ಅಚ್ಚಿಗೆ ಹೋಗಿದೆ ಎಂದರು.

"ಆ ತುಂಡು ಬಿದ್ದಿದ್ದನ್ನ ಯಾರೂ ನೋಡಿಲ್ಲ ಮಗೂ. ಸೋಮವಾರವೂ ಬಿದ್ದೇ ಇರ್ಲಿ."

ತಿಹೋಮಿರ್‌ಗೂ ಕೇಳಿಸಿತ್ತು. "ಅಂಟು ಒಣಗಿದ್ಮೇಲೆ ಅದು ತಾನಾಗೇ ಬೀಳಲ್ಲ," ಎಂದಷ್ಟೇ ಹೇಳಿ ಹಬ್ಬದೂಟಕ್ಕೆ ಮರಳಿದ.

ಸೋಮವಾರ ಸಮಿತಿಗಿಂತ ಒಂದು ಗಂಟೆ ಮೊದಲೇ ಬಂದೆ. ಬೂಟನ್ನು ಈ ಸಲ ಬಾಗಿಲಲ್ಲೇ ಬಿಟ್ಟೆ. ನಾಚಿಕೆಯಿಂದ ಮುಖ ಸುಡುತ್ತಿತ್ತು. ಕಂಬದ ಹಿಂದೆ ಮಂಡಿಯೂರಿ, ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತೆ. ಅಂಟು ಗಟ್ಟಿಯಾಗಿತ್ತು, ಮೂರು ಸಲ ಎಳೆಯಬೇಕಾಯಿತು.