ಹೊಟ್ಟೆ ತುಂಬಿದ ಚೀಲಗಳು

ತೆರಿಗೆ ಕಚೇರಿಗೆ ಹೋಗುವುದೆಂದರೆ ಚಿಕ್ಕಂದಿನಲ್ಲಿ ಸೂಜಿಗೆ ಎಲ್ಲಿಲ್ಲದ ಸಂಭ್ರಮ. ಓಣಿಯ ಬೇರೆ ಅಂಗಡಿಯವರು ಆ ಕಚೇರಿಯ ಸುದ್ದಿ ಬಂದರೇ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ಅವಳ ಅಪ್ಪ ಹಾಗಲ್ಲ. ವರ್ಷಕ್ಕೊಮ್ಮೆ ಆ ದಿನ ಬಂತೆಂದರೆ ಚೀಲ ರಿಪೇರಿಯ ಅಂಗಡಿಗೆ ಬೀಗ ಹಾಕಿ, ಉಗುರಿನ ಸಂದಿಯ ಗೋಂದನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೆಗೆದು, ಇಸ್ತ್ರಿ ಅಂಗಿ ತೊಟ್ಟು, ಮಗಳ ಕೈ ಹಿಡಿದು ಹೊರಡುತ್ತಿದ್ದ.

"ನಮ್ಮಂಥ ಸಣ್ಣವರನ್ನೂ ಎದುರಿಗೆ ಕೂರಿಸ್ಕೊಂಡು ವಿಚಾರಿಸ್ತಾರೆ ಅಂದ್ರೆ ಸುಮ್ನೇನಾ?" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. "ನೆಂಟರೂ ಅಷ್ಟು ವಿಚಾರಿಸಲ್ಲ."

ಅಲ್ಲಿ ಉದ್ದನೆಯ ಮರದ ಬೆಂಚಿತ್ತು. ಕೂತವರ ಬಟ್ಟೆ ಉಜ್ಜಿ ಉಜ್ಜಿ ಅದರ ಅಂಚು ಕನ್ನಡಿಯಂತೆ ನುಣುಪಾಗಿತ್ತು. ಸೂಜಿ ಆ ತುದಿಯಿಂದ ಈ ತುದಿಗೆ ಜಾರಿಕೊಂಡು ಬರುತ್ತಿದ್ದಳು. ಕಿಟಕಿಯ ಆಚೆ ಹಸಿರು ಶಾಯಿಯ ಪೆನ್ನು ಹಿಡಿದ ಗುಮಾಸ್ತರು, ಕನ್ನಡಕ ಹಣೆಯ ಮೇಲಿದ್ದರೂ ಮೇಜಿನ ಮೇಲೆಲ್ಲ ಅದನ್ನೇ ಹುಡುಕುವವರು. ಅಪ್ಪ ಬಿಸ್ಕತ್ತಿನ ಡಬ್ಬಿಯಿಂದ ಬಿಲ್ಲುಗಳನ್ನು ಒಂದೊಂದಾಗಿ ತೆಗೆದುಕೊಡುವುದು, ಅವರು ಒಂದೊಂದಕ್ಕೂ ಹಸಿರು ಗುರುತು ಹಾಕುವುದು. ಕೊನೆಗೆ ಇಬ್ಬರೂ ದೊಡ್ಡ ಕೆಲಸ ಮುಗಿಸಿದವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ನಗುತ್ತಿದ್ದರು.

ಈಗ ಅಪ್ಪ ಇಲ್ಲ. ಹೋಗುವ ಮುಂಚೆ ಆ ವರ್ಷದ ಲೆಕ್ಕವನ್ನು ತನ್ನ ಕೈಯಾರೆ ಬರೆದು, ಲಕೋಟೆಗೆ ಹಾಕಿ ಇಟ್ಟಿದ್ದ. ಸೂಜಿ ಅದನ್ನು ಅಂಚೆಗೆ ಹಾಕಿದ್ದಳು, ಅಷ್ಟೆ. ಕೆಲವು ತಿಂಗಳಾದ ಮೇಲೆ ಅಪ್ಪನ ಹೆಸರಿಗೇ ನೋಟಿಸು ಬಂತು. ಹಾಗಾಗಿ ಅವಳು ಮೊದಲ ಸಲ ಒಬ್ಬಳೇ ಆ ಮೆಟ್ಟಿಲು ಹತ್ತಿದಳು. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಅಂಗಡಿಯಲ್ಲಿ ಕೂತವಳು ಅವಳು. ಮಾತು ಕಡಿಮೆ, ನೋಟ ಜಾಸ್ತಿ. ಸದ್ದಿಲ್ಲದೆ ಒಳಗೆ ಹೋಗಿ ಸದ್ದಿಲ್ಲದೆ ಹೊರಗೆ ಬರುತ್ತಾಳೆಂದು ಅಪ್ಪನೇ ಸೂಜಿ ಎಂದು ಕರೆದದ್ದು. ಊರಿಗೆಲ್ಲ ಅದೇ ಹೆಸರಾಗಿ ಉಳಿಯಿತು.

ಮರದ ಬೆಂಚು ಹೋಗಿ ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು. ಕಿಟಕಿಯಲ್ಲಿ ಕತ್ತರಿಸಿದ ಕೂದಲಿನ, ದಣಿದ ಕಣ್ಣಿನ ಅಧಿಕಾರಿ ಮೇಡಂ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದರು:

"ಜಿಪ್ಪು, ಚರ್ಮ, ದಾರ, ಬಕಲ್ಲು ಅಂತ ಖರ್ಚು ತೋರ್ಸಿದಾರೆ. ಬಿಲ್ಲೆಲ್ಲಿ?"

"ಮನೇಲಿದೆ ಮೇಡಂ."

"ಏನು? ಸ್ವಲ್ಪ ಗಟ್ಟಿಯಾಗಿ ಮಾತಾಡಮ್ಮ."

"ಮನೇಲಿದೆ."

"ಹಾಗಾದ್ರೆ ಶುಕ್ರವಾರದೊಳಗೆ ತಂದು ತೋರ್ಸು. ಬಿಲ್ ಇಲ್ಲ ಅಂದ್ರೆ ಖರ್ಚೇ ಇಲ್ಲ ಅಂತ ಲೆಕ್ಕ. ಅಂಗಡಿಗೆ ಬಂದಿದ್ದೆಲ್ಲ ಲಾಭ ಅಂತಾಗುತ್ತೆ, ಅಷ್ಟಕ್ಕೂ ತೆರಿಗೆ ಕಟ್ಬೇಕು. ಮೇಲೆ ದಂಡ."

ಅಷ್ಟು ಕಟ್ಟಬೇಕೆಂದರೆ ಮಾರಲು ಮನೆಯಲ್ಲಿ ಇದ್ದದ್ದು ಒಂದೇ: ಅಪ್ಪನ ಹೊಲಿಗೆ ಮಷಿನ್. ದಪ್ಪ ಚರ್ಮವನ್ನೂ ಬಟ್ಟೆಯಂತೆ ಹೊಲಿಯುವ, ಆನೆಯ ಕಾಲಿನಂಥ ಕಾಲುಗಳ ಕಪ್ಪು ಮಷಿನ್. ಚಿಕ್ಕಪ್ಪ ಆಗಲೇ ಗಿರಾಕಿ ಹುಡುಕಿಯಾಗಿತ್ತು. "ಶೂ ಫ್ಯಾಕ್ಟರಿಯವ್ರು ಒಳ್ಳೇ ರೇಟು ಕೊಡ್ತಾರೆ ಕಣೇ. ನಿನಗೂ ಅಲ್ಲೇ ಕೆಲ್ಸ ಕೊಡಿಸ್ತೀನಿ. ಬಾಯೇ ಇಲ್ದವಳು ಅಂಗಡಿ ಏನು ನಡೆಸ್ತೀಯ?" ಅವನದು ಕೆಟ್ಟ ಮನಸ್ಸೇನಲ್ಲ.

ಮನೆಗೆ ಬಂದವಳೇ ಕಪಾಟಿನ ಮೇಲಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಹಗುರವಾಗಿ ಬಂತು. ಮುಚ್ಚಳ ತೆಗೆದರೆ ತಳದಲ್ಲಿ ಒಂದು ರಬ್ಬರ್ ಬ್ಯಾಂಡು.

"ಅಮ್ಮಾ, ಇದರಲ್ಲಿದ್ದ ಕಾಗದಗಳೆಲ್ಲಿ?"

ಅಮ್ಮ ಒಳಗಿನಿಂದಲೇ ಹೇಳಿದಳು. "ಅವಾ? ಚೀಲಕ್ಕೆ ತುಂಬ್ದೆ."

"ಯಾವ ಚೀಲಕ್ಕೆ?"

"ಅದೇ, ನಿಮ್ಮಪ್ಪ ರಿಪೇರಿ ಮಾಡಿ ಇಟ್ಟು ಹೋದ್ನಲ್ಲ, ಅವಕ್ಕೆ."

ಸೂಜಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು.

ಅಪ್ಪನದೊಂದು ಪದ್ಧತಿಯಿತ್ತು. ರಿಪೇರಿಯಾದ ಚೀಲವನ್ನು ಎಂದೂ ಚಪ್ಪಟೆಯಾಗಿ ಹಿಂದಿರುಗಿಸುತ್ತಿರಲಿಲ್ಲ. ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ಮೂಲೆ ಮೂಲೆಗೂ ತುರುಕಿ, ಹೊಸ ಹೊಲಿಗೆ ಆಕಾರಕ್ಕೆ ಕೂರುವಂತೆ ಮಾಡಿ, ಜಿಪ್ಪು ಎಳೆದು, ಕುಂಡೆ ತಟ್ಟಿ ಕೊಡುತ್ತಿದ್ದ. "ನಮ್ಮ ಅಂಗಡಿಗೆ ಬಂದ ಚೀಲ ಹೊಟ್ಟೆ ತುಂಬಿಸ್ಕೊಂಡೇ ಮನೆಗೆ ಹೋಗ್ಬೇಕು" ಎನ್ನುತ್ತಿದ್ದ. ಅವನು ತೀರಿಕೊಂಡ ವಾರವೇ ಅಮ್ಮ ಪತ್ರಿಕೆ ನಿಲ್ಲಿಸಿದ್ದಳು. ಓದುವವನೇ ಇಲ್ಲದ ಮೇಲೆ ಬಾಗಿಲ ಸಂದಿಯಿಂದ ಅದು ಬಂದು ಬೀಳುವ ಸದ್ದು ಕೇಳಲಾಗುತ್ತಿರಲಿಲ್ಲ. ಆಮೇಲೆ ಅಪ್ಪ ಕೊನೆಯದಾಗಿ ಹೊಲಿದಿಟ್ಟ ಚೀಲಗಳನ್ನು ಕೇಳಿಕೊಂಡು ಗಿರಾಕಿಗಳು ಬಂದರು.

"ನಿಮ್ಮಪ್ಪನ ಕೊನೇ ಚೀಲಗಳು. ಖಾಲಿ ಹೊಟ್ಟೇಲಿ ಕಳಿಸ್ಲೇನೇ?" ಅಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಮಗಳ ಮುಖ ನೋಡಿ ದನಿ ಇಳಿಯಿತು. "ಯಾಕೆ, ಬೇಕಾಗಿತ್ತಾ?"

ಸೂಜಿ ಬೈಯಲಿಲ್ಲ. ತಾನಿದ್ದರೂ ಅದನ್ನೇ ಮಾಡುತ್ತಿದ್ದಳೇನೋ. "ಯಾರ‍್ಯಾರು ತಗೊಂಡು ಹೋದ್ರು ಅಂತ ನೆನಪಿದೆಯಾ?" ಎಂದಷ್ಟೇ ಕೇಳಿದಳು.

ಅಮ್ಮನಿಗೆ ಜನ ನೆನಪಿರುವುದಿಲ್ಲ, ಚೀಲ ನೆನಪಿರುತ್ತದೆ. ಹಿಡಿ ಕಿತ್ತ ಕಂದು ಚೀಲ ನರ್ಸಕ್ಕನದು. ತಳ ಸವೆದ ದೊಡ್ಡದು ಬ್ಯಾಂಡ್ ಮೇಷ್ಟ್ರದು. ಕೊಕ್ಕೆ ಹೋದ ಹಳೇ ಚರ್ಮದ್ದು, "ಅದೇ ಕನ್ನಡಕ ಹುಡುಕೋ ಮುದುಕಪ್ಪಂದು. ಯಾರೋ ಹುಡುಗ ಬಂದು ಒಯ್ದ."

ಕಂಡವರ ಮನೆ ಬಾಗಿಲು ತಟ್ಟುವುದೆಂದರೆ ಸೂಜಿಗೆ ಜೀವ ಹೋದಂತೆ. ನರ್ಸಕ್ಕನ ಮನೆಯ ಗಂಟೆಯ ಮುಂದೆ ಬೆರಳು ಚಾಚಿಕೊಂಡು ಅವಳು ನಿಂತೇ ನಿಂತಳು. ಕೊನೆಗೆ ನರ್ಸಕ್ಕನೇ ಡ್ಯೂಟಿಗೆ ಹೊರಡಲು ಬಾಗಿಲು ತೆರೆದು, ಎದುರಿಗೆ ಬೆರಳು ಕಂಡು ಬೆಚ್ಚಿಬಿದ್ದಳು.

"ಅಯ್ಯೋ, ಏನೇ ಹುಡುಗಿ! ಚುಚ್ಚೋ ಕೆಲ್ಸ ನಂದು, ನೀನ್ಯಾಕೆ ಬೆರಳು ಚಾಚಿದ್ದೀಯ?"

"ಅಕ್ಕಾ, ನಿಮ್ಮ ಚೀಲದ ಹೊಟ್ಟೆಯಲ್ಲಿರೋ ಕಾಗದ ವಾಪಸ್ ಬೇಕಾಗಿತ್ತು."

ನರ್ಸಕ್ಕ ಒಂದು ಕ್ಷಣ ಅವಳನ್ನೇ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಚೀಲವನ್ನು ಅವಳು ಬಳಸಿಯೇ ಇರಲಿಲ್ಲ. ಸೂಜಿಯ ಅಪ್ಪ ಹೊಲಿದಿಟ್ಟ ಹಾಗೇ ಇರಲಿ ಎಂದು ಬೀರುವಿನ ಮೇಲೆ ಇಟ್ಟಿದ್ದಳು. ಇಬ್ಬರೂ ಸೇರಿ ಉಂಡೆಗಳನ್ನು ಹೊರಗೆ ತೆಗೆದರು. ಚೀಲ ಮೆಲ್ಲಗೆ ಕುಸಿದು ಮಲಗಿತು. ಅದನ್ನು ನೋಡಿ ನರ್ಸಕ್ಕನ ಮುಖವೂ ಸ್ವಲ್ಪ ಕುಸಿಯಿತು.

"ಮತ್ತೆ ತುಂಬಿಸಿಕೊಡ್ತೀನಿ ಅಕ್ಕಾ" ಎಂದು ಸೂಜಿ ಚೀಲವನ್ನೂ ಜೊತೆಗೆ ತೆಗೆದುಕೊಂಡಳು.

ಬ್ಯಾಂಡ್ ಮೇಷ್ಟ್ರ ಮನೆಯಲ್ಲಿ ಅದೃಷ್ಟ ಕೈಕೊಟ್ಟಿತು. "ಅವಾ? ನೀರು ಕಾಯಿಸೋಕೆ ಒಲೆಗೆ ಹಾಕ್ಬಿಟ್ನಲ್ಲಮ್ಮ" ಎಂದು ಅವರು ತಲೆ ಕೆರೆದುಕೊಂಡರು. "ಚೆನ್ನಾಗಿ ಉರಿದ್ವು ಪಾಪ."

ಉಳಿದದ್ದು ಗುಮಾಸ್ತರ ಮನೆ. ನಿವೃತ್ತರಾಗಿ ವರ್ಷಗಳೇ ಆಗಿದ್ದವು. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಅದೇ ಹಸಿರು ಶಾಯಿ. ಕನ್ನಡಕ ಹಣೆಯ ಮೇಲೇ ಇತ್ತು. ಅವರು ಮಾತ್ರ ಒಣಗಿ ಚಿಕ್ಕವರಾಗಿದ್ದರು.

"ಬೆಂಚಿನ ಮೇಲೆ ಜಾರೋ ಮಗು ಅಲ್ವಾ ನೀನು?" ಎಂದರು. ಆ ಬೆಂಚನ್ನು ನೆನಪಿಟ್ಟುಕೊಂಡ ಇನ್ನೊಬ್ಬರು ಈ ಲೋಕದಲ್ಲಿ ಇರಬಹುದೆಂದು ಅವಳು ಎಣಿಸಿಯೇ ಇರಲಿಲ್ಲ.

ಅವಳು ತಡವರಿಸುತ್ತಾ ಬಂದ ಕಾರಣ ಹೇಳಿದಳು. ಗುಮಾಸ್ತರು ಮೇಜಿನ ಖಾನೆ ಎಳೆದು ಒಂದು ಕಟ್ಟು ತೆಗೆದರು. ಉಂಡೆಗಳನ್ನೆಲ್ಲ ಬಿಡಿಸಿ, ಪುಸ್ತಕದ ಅಡಿ ಇಟ್ಟು ನೆಟ್ಟಗೆ ಮಾಡಿ, ತಾರೀಖಿನ ಪ್ರಕಾರ ಜೋಡಿಸಿ, ದಾರ ಕಟ್ಟಿತ್ತು. ಒಂದೊಂದರ ಮೇಲೂ ಹಸಿರು ಗುರುತು.

"ಪಕ್ಕದ್ಮನೆ ಹುಡುಗ ತಂದುಕೊಟ್ಟ ಚೀಲ ತೆಗೆದು ನೋಡಿದ್ರೆ ಒಳಗೆ ಬಿಲ್ಲು! ನಿಮ್ಮಪ್ಪ ಹೋದ ಸುದ್ದಿ ನಂಗೆ ತಡವಾಗಿ ತಿಳೀತಮ್ಮ. ಅದಕ್ಕೆ ಮುಂಚೆ ಏನಂದ್ಕೊಂಡೆ ಗೊತ್ತಾ? ಹೊಸಬರ ಹತ್ರ ಹೋಗೋಕೆ ಮುಂಚೆ ಒಂದ್ಸಲ ನಾನು ನೋಡ್ಲಿ ಅಂತ ಕಳಿಸಿದಾನೆ ಅಂದ್ಕೊಂಡೆ. ಕೂತು ಎಲ್ಲ ನೋಡಿಟ್ಟೆ. ಬರ್ತಾನೆ, ಬಂದಾಗ ಕೊಟ್ರಾಯ್ತು ಅಂತ." ಅವರು ಕಟ್ಟಿನ ಮೇಲೆ ಅಂಗೈ ಇಟ್ಟುಕೊಂಡರು. "ಆಮೇಲೆ ಗೊತ್ತಾಯ್ತು. ಆದ್ರೂ ಎಸೆಯೋಕಾಗ್ಲಿಲ್ಲ. ಬಿಲ್ಲು ಎಸೆದು ಅಭ್ಯಾಸವಿಲ್ಲ ನೋಡು."

"ನೀವು ಇಲ್ದಿದ್ರೆ ಅಲ್ಲಿ ಮಾತಾಡೋಕೆ ನಂಗೆ ಭಯ ಆಗುತ್ತೆ ತಾತ. ಒಂದ್ಸಲ ನೀವೇ ಬರ್ತೀರಾ?"

"ನಾನು ಬಂದ್ರೆ ಆ ಹುಡುಗೀನ ಕೆಲ್ಸ ಮಾಡೋಕೆ ಬಿಡಲ್ಲ, ಪಕ್ಕದಲ್ಲಿ ನಿಂತು ತಪ್ಪು ಹುಡುಕ್ತೀನಿ" ಎಂದು ನಕ್ಕರು. "ನಿಮ್ಮಪ್ಪಂಗೂ ಮೊದಲನೇ ಸಲ ಕೈ ನಡುಗಿತ್ತು ಕಣಮ್ಮ. ಡಬ್ಬಿ ಬೀಳಿಸ್ಕೊಂಡು ಬಿಲ್ಲೆಲ್ಲ ನೆಲದ ಮೇಲೆ. ಇಬ್ರೂ ಮಂಡಿಯೂರಿ ಆರಿಸಿದ್ವಿ. ಹಾಗೇ ಪರಿಚಯ ಆಗಿದ್ದು."

ಅಪ್ಪನ ಕೈ ನಡುಗಿದ್ದನ್ನು ಸೂಜಿ ಎಂದೂ ಕಂಡಿರಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲೆಲ್ಲ ಅದನ್ನೇ ಕಣ್ಣೆದುರು ತಂದುಕೊಂಡಳು. ಇಸ್ತ್ರಿ ಅಂಗಿ, ತಿಕ್ಕಿ ಕೆಂಪಾದ ಬೆರಳುಗಳು. ಅಷ್ಟೆಲ್ಲ ತಯಾರಿ ಸಂಭ್ರಮಕ್ಕಷ್ಟೇ ಅಲ್ಲ, ಧೈರ್ಯಕ್ಕೂ ಇರಬೇಕು.

ನರ್ಸಕ್ಕ ಕೊಟ್ಟ ಉಂಡೆಗಳನ್ನು ಅಮ್ಮ ಒಂದೊಂದಾಗಿ ಬಿಡಿಸಿ, ಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಿದಳು. ಶುಕ್ರವಾರ ಸೂಜಿ ಉಗುರಿನ ಗೋಂದು ತಿಕ್ಕಿಕೊಂಡಳು. ತೊಳೆದಿಟ್ಟ ಅಂಗಿ ತೊಟ್ಟು ಹೊರಟಳು.

ಅಧಿಕಾರಿ ಮೇಡಂ ಬಿಲ್ಲುಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದೇನಮ್ಮ, ಅಪ್ಪಳ ಇದ್ದ ಹಾಗಿದೆ? ಈ ಹಸಿರು ಗುರುತು ಯಾರದು?"

ಇಲ್ಲಿ ಮಾತಾಡಲೇಬೇಕಿತ್ತು. ಸೂಜಿ ಕಿಟಕಿಯ ಕಟ್ಟೆ ಹಿಡಿದುಕೊಂಡು ಮೊದಲಿನಿಂದ ಹೇಳಿದಳು. ಪತ್ರಿಕೆ ನಿಂತದ್ದು, ಖಾಲಿ ಹೊಟ್ಟೆಯ ಚೀಲಗಳು, ಒಲೆಗೆ ಹೋದ ಬಿಲ್ಲು, ಹಸಿರು ಶಾಯಿಯ ಗುಮಾಸ್ತರು. ಇಷ್ಟುದ್ದ ಮಾತನ್ನು ಅವಳು ಹೊರಗಿನವರೆದುರು ಎಂದೂ ಆಡಿರಲಿಲ್ಲ. ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆದು ಅವಳನ್ನು ನೋಡಿದರು.

"ಗುರುತು ಅವರು ಹಾಕಿದ್ರೂ ಲೆಕ್ಕ ನಾನೇ ನೋಡ್ಬೇಕು" ಎಂದು ಒಂದೊಂದನ್ನೂ ಪರೀಕ್ಷಿಸಿದರು. ತುಂಬ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿಗೆ ಒರಗಿ ಬೆನ್ನು ನೆಟ್ಟಗೆ ಮಾಡಿಕೊಂಡರು. "ಒಲೆಗೆ ಹೋಗಿದ್ದಕ್ಕೆ ನಾನೇನೂ ಮಾಡೋಕಾಗಲ್ಲ, ಅದರ ತೆರಿಗೆ ಕಟ್ಲೇಬೇಕು. ಮಿಕ್ಕಿದ್ದೆಲ್ಲ ಸರಿಯಿದೆ."

ಒಲೆಗೆ ಹೋದದ್ದು ಮಷಿನ್ ಮಾರುವಷ್ಟಿರಲಿಲ್ಲ. ಕೆಲವು ತಿಂಗಳು ಕೈ ಬಿಗಿ ಹಿಡಿದು ನಡೆದರೆ ಸಾಕಿತ್ತು.

"ಅಪ್ಪ ತೀರಿಕೊಂಡಿದಾರೆ ಅಂದ್ಮೇಲೆ ಅಂಗಡಿ ಮುಚ್ಚಿದೆ ಅಂತ ಬರ್ಕೊಳ್ಲಾ?"

ಚಿಕ್ಕಪ್ಪ ಹೂಂ ಅನ್ನು ಎಂದು ಹೇಳಿ ಕಳಿಸಿದ್ದ.

"ಬೇಡ ಮೇಡಂ. ನನ್ನ ಹೆಸರಿಗೆ ಬರ್ಕೊಳ್ಳಿ."

"ಉದ್ಯೋಗ?"

"ಚೀಲ ರಿಪೇರಿ" ಎಂದಳು ಸೂಜಿ. ಹಿಂದಿನ ಕುರ್ಚಿಯಲ್ಲಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು.

ಹೊರಡುವಾಗ ಮೂಲೆಯಲ್ಲಿ ಕಾಗದದ ರಾಶಿ ಕಂಡಿತು. ಈಗ ಬಳಕೆಯಲ್ಲಿಲ್ಲದ ಹಳೇ ಖಾಲಿ ಫಾರಂಗಳು. ನಾಲ್ಕು ಹೆಜ್ಜೆ ಹೋದವಳು ಹಿಂದೆ ಬಂದಳು.

"ಮೇಡಂ, ಆ ಫಾರಂಗಳು ನಿಮಗೆ ಬೇಡ್ವಾ?"

"ಅವು ರದ್ದಿಗೆ. ಯಾಕಮ್ಮ?"

"ನಮ್ಮ ಚೀಲಗಳಿಗೆ ಹಸಿವಾಗಿದೆ."

ಮೇಡಂ ಮೊದಲ ಸಲ ನಕ್ಕರು.

ಮನೆಯಲ್ಲಿ ಅಮ್ಮ ಫಾರಂಗಳನ್ನು ಉಂಡೆ ಮಾಡಿ ನರ್ಸಕ್ಕನ ಚೀಲದ ಮೂಲೆ ಮೂಲೆಗೂ ತುರುಕಿದಳು. ಚೀಲ ಎದ್ದು ಕೂತಿತು. ಸೂಜಿ ಜಿಪ್ಪು ಎಳೆದು, ಕುಂಡೆ ತಟ್ಟಿ, ಬಾಗಿಲ ಹತ್ತಿರ ಇಟ್ಟಳು. ಆಮೇಲೆ ಮಷಿನ್ ಮುಂದೆ ಕೂತು ಪೆಡಲ್ ಮೇಲೆ ಕಾಲಿಟ್ಟಳು.

"ಗುಮಾಸ್ತರ ಚೀಲಕ್ಕೂ ಒಂದಷ್ಟು ಎತ್ತಿಡು ಅಮ್ಮಾ. ಅವರದೂ ಖಾಲಿಯಾಗಿದೆ."

"ಅವರಿಗೆ ಬೇಡ್ವೇ ಬೇಡ" ಎಂದಳು ಅಮ್ಮ. "ಕೂತು ಎಲ್ಲ ಭರ್ತಿ ಮಾಡಿಬಿಡ್ತಾರೆ. ನಾಳೆಯಿಂದ ಮತ್ತೆ ಪತ್ರಿಕೆ ಹಾಕ್ಸು."