ಬೀಜದ ಪಾಕೀಟಿನ ಮೇಲಿನ ಭಂಡಾರ

ಮುಂಗಾರಿನ ಮಿರಗದ ಮಳೆ ಬಿದ್ದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಬೀಜ ಅಸಲಿ ಅದನೋ, ನಕಲಿ ಅದನೋ?" ದೇವದುರ್ಗ ತಾಲೂಕಿನ ನಮ್ಮ ಮಸರಕಲ್ಲಿನಲ್ಲಿ ಈ ವರ್ಷವೂ ಅದೇ ಮಾತಿತ್ತು. ಹೊಲ ಹದಕ್ಕೆ ಬಂದಿತ್ತು. ಮರುದಿನ ಬೆಳಿಗ್ಗೆ ಹತ್ತಿ ಬೀಜ ಊರಲು ಆಳುಗಳಿಗೆ ಹೇಳಿದ್ದಾಗಿತ್ತು. ಹಸಿ ಆರಿದರೆ ಮತ್ತೆ ಮಳೆಯ ದಾರಿ ಕಾಯಬೇಕು. ಕೆಟ್ಟ ಬೀಜ ಊರಿದರೆ ವರ್ಷವೇ ಹೋಯಿತು.

ಬೀಜದ ಪಾಕೀಟುಗಳು ದೇವರ ಜಗಲಿಯ ಮೇಲಿದ್ದವು. ಅವನ್ನು ನಾನು ದೇವದುರ್ಗದ ಅಂಗಡಿಯಿಂದ ರಸೀದಿ ಬರೆಸಿಕೊಂಡು ತಂದಿದ್ದೆ. ಒಂದನ್ನು ಮಾತ್ರ ಮಗ ಹನುಮೇಶ ಮಾನ್ವಿ ಸಂತೆಯಲ್ಲಿ, ಬೈಕಿನ ಮೇಲೆ ಚೀಲ ಕಟ್ಟಿಕೊಂಡು ಮಾರುತ್ತಿದ್ದವನ ಹತ್ತಿರ ಕೊಂಡಿದ್ದ.

ಮನೆದೇವರು ಬೀರಪ್ಪನ ಭಂಡಾರ ಹಚ್ಚದೆ ನಮ್ಮ ಮನೆಯ ಬೀಜ ಹೊಲಕ್ಕೆ ಹೋಗುವುದಿಲ್ಲ. ಆ ಕೆಲಸ ಎಂದಿಗೂ ನನ್ನ ಹೆಂಡತಿ ಬೂದೆಮ್ಮನದು. ಕಳೆದ ಚಳಿಗಾಲದಲ್ಲಿ ಆಕೆ ಶಿವನ ಪಾದ ಸೇರಿದಳು. ಈ ಸಲ ನಾನೇ ಆ ಹಳದಿ ಪುಡಿಯನ್ನು ನೀರಿನಲ್ಲಿ ಕಲಸಿ, ಪ್ರತಿ ಪಾಕೀಟಿನ ನಡುವೆ ಬೆರಳಿನಿಂದ ದಪ್ಪಗೆ ಎಳೆದು ಕೈಮುಗಿದೆ.

ಅಷ್ಟರಲ್ಲಿ ಸೊಸೆ ಭಾಗ್ಯಜ್ಯೋತಿ ಫೋನು ಹಿಡಿದು ಬಂದಳು.

"ಮಾವ, ಪಾಕೀಟಿನ ಮ್ಯಾಲಿನ ಕೋಡ್ ಸ್ಕ್ಯಾನ್ ಮಾಡಿದ್ರ ಬೀಜದ ತಳಿ, ಲಾಟ್ ನಂಬರ, ಅವಧಿ ಎಲ್ಲಾ ಬರ್ತದ್ರಿ. ನೋಡಿ ಊರೋಣು."

"ಬೀಜದ ಗುಣ ಭೂಮಿತಾಯಿಗೆ ಗೊತ್ತು. ಫೋನಿಗೆ ಏನ್ ಗೊತ್ತಾಗ್ತದ ಯವ್ವಾ?" ಎಂದೆ.

ಆಕೆ ಪಾಕೀಟುಗಳನ್ನು ಕಟ್ಟೆಗೆ ತಂದು, ಬಿಸಿಲಿನಲ್ಲಿ ಹಿಡಿದು ನೋಡಿದಳು. ಒಂದರ ಕೋಡನ್ನೂ ಫೋನು ಹಿಡಿಯಲಿಲ್ಲ. ಪಕ್ಕದಲ್ಲೇ ಚಹಾಕ್ಕೆಂದು ಇಟ್ಟ ರಸ್ಕಿನ ಪೊಟ್ಟಣವಿತ್ತು. ಫೋನು ಒಮ್ಮೆಲೇ ಟಿಣ್ ಎಂದಿತು. ನೋಡಿದರೆ ಪರದೆಯ ಮೇಲೆ ರಸ್ಕಿನ ಚಿತ್ರ!

"ಭಾಳ ಚಲೋ ಆತು ಬಿಡವ್ವಾ. ಈ ಸಲ ನಮ್ಮ ಹೊಲದಾಗ ರಸ್ಕ್ ಬೆಳೀತದ. ಚಾ ಕುದಿಸಿಕೊಂಡು ಹೋದ್ರಾತು!" ಎಂದು ನಾನು ನಕ್ಕೆ.

ಹನುಮೇಶ ನಗಲಿಲ್ಲ. "ಒಂದೂ ಹಿಡೀಲಿಲ್ಲ ಅಂದ್ರ ಎಲ್ಲಾ ನಕಲಿನ ಇರಬೇಕು ಯಪ್ಪಾ. ದೇವದುರ್ಗದ ಅಂಗಡಿಯಾಂವ ಮೋಸ ಮಾಡ್ಯಾನ. ಎಲ್ಲಾ ಒಯ್ದು ಅವನ ಮಾರಿಗೆ ಒಗದು ಬರ್ತೀನಿ," ಎಂದು ಚೀಲ ಎತ್ತಿದ.

"ಎಲ್ಲಿಗಲೇ ಹನುಮ್ಯಾ, ಜಗಳಕ್ಕ ಹೊಂಟಂಗ ಕಾಣ್ತದ?" ಎನ್ನುತ್ತಾ ದಾವಲ್ ಬೀ ಬಂದಳು. ನಮ್ಮ ಓಣಿಯಲ್ಲಿ ಆಕೆಯ ಕಿರಾಣಿ ಅಂಗಡಿ ಇದೆ. ಬೂದೆಮ್ಮನ ಜೀವದ ಗೆಳತಿ. ಸೋಪಿನಿಂದ ಹಿಡಿದು ಎಣ್ಣೆಯವರೆಗೆ ಎಲ್ಲವನ್ನೂ ಫೋನಿನಿಂದ ಸ್ಕ್ಯಾನ್ ಮಾಡಿಯೇ ಬಿಲ್ಲು ಮಾಡುತ್ತಾಳೆ.

ವಿಷಯ ಕೇಳಿ ಒಂದು ಪಾಕೀಟು ಎತ್ತಿ ನೋಡಿದಳು.

"ಅಣ್ಣಾ, ಭಂಡಾರ ಸರಿಯಾಗಿ ಕೋಡಿನ ಮ್ಯಾಲೇ ಕುಂತದಲ್ರೀ! ಫೋನಿಗೆ ಹೆಂಗ ಕಾಣಬೇಕು? ಸ್ಕ್ಯಾನ್ ಆಗಲಿಲ್ಲ ಅಂದಕೂಡ್ಲೆ ಮಾಲು ಕಳ್ಳ ಅನಬಾರದು." ಆಮೇಲೆ ಫೋನು ತಿರುಗಿಸಿದಳು. "ಇಲ್ಲಿ ನೋಡ್ರಿ, ಕ್ಯಾಮೆರಾದ ಗಾಜಿಗೂ ಹಳದಿ ಮೆತ್ತೇದ. ಅದಕ್ಕ ನಿಮ್ಮ ಮನಿ ಫೋಟೋ ಎಲ್ಲಾ ಮಂಜು ಮುಸುಕಿದಂಗ ಇರ್ತಾವ. ಎರಡೂ ಒರಸ್ರಿ."

ಭಾಗ್ಯಜ್ಯೋತಿ ಮೆಲ್ಲಗೆ ಹೇಳಿದಳು: "ಅದು ಅತ್ತಿ ಹಚ್ಚಿದ್ದು. ಬನ್ನಿ ಹಬ್ಬದಾಗ ಫೋನಿಗೂ ಪೂಜಿ ಮಾಡಿದ್ರಲ್ಲ. ಒರಸಾಕ ನನಗ ಮನಸ ಬರಲಿಲ್ಲ."

ನಾನು ಫೋನನ್ನು ಕೈಗೆ ತೆಗೆದುಕೊಂಡೆ. ಗಾಜಿನ ಮೇಲೆ ಬೂದೆಮ್ಮನ ಬೆರಳಿನ ಗುರುತು ಹಾಗೆಯೇ ಇತ್ತು.

"ಬ್ಯಾಡ ತಂಗಿ. ದೇವರ ಭಂಡಾರ, ಅದೂ ಆಕಿ ಕೈಲೆ ಹಚ್ಚಿದ್ದು. ಹೆಂಗ ಒರಸಿ ಒಗೀಲಿ? ಬೀಜ ಹಂಗೇ ಊರತೀನಿ."

"ಒಗೀರಿ ಅಂತ ಯಾರಂದ್ರು ಅಣ್ಣಾ? ನಿಮ್ಮ ಬೆರಳಿಲೆ ತಗೀರಿ, ಹಣಿಗೆ ಹಚ್ಕೋರಿ. ಬೂದಕ್ಕ ಇದ್ದಿದ್ರ ಕೆಟ್ಟ ಬೀಜ ಹೊಲಕ್ಕ ಹಾಕಾಕ ಬಿಡ್ತಿದ್ಲೇನು? ಬ್ಯಾಳ್ಯಾಗ ಒಂದು ಹುಳ ಕಂಡ್ರ ಚೀಲಾನ ವಾಪಸ್ ಮಾಡಾಕಿ ಆಕಿ! ನನ್ನ ಕೂಡ ಎಷ್ಟು ಜಗಳ ಮಾಡ್ಯಾಳ!"

ಆ ಮಾತಿಗೆ ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಬೆರಳು ಒದ್ದೆ ಮಾಡಿ ಗಾಜಿನ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡೆ. ಪಾಕೀಟುಗಳ ಭಂಡಾರವನ್ನೂ ಹಾಗೆಯೇ ತೆಗೆದೆವು. ಸೊಸೆ ಒಣ ಹತ್ತಿಬಟ್ಟೆಯಿಂದ ಗಾಜು ತಿಕ್ಕಿದಳು.

"ಈಗ ಬೇವಿನ ನೆರಳಿಗೆ ಬರ್ರಿ. ಬಿಸಿಲಿಗೆ ಪ್ಲಾಸ್ಟಿಕ್ ಮಿಂಚಿ ಕೋಡ್ ಕಾಣಂಗಿಲ್ಲ," ಎಂದಳು ದಾವಲ್ ಬೀ. "ಪಾಕೀಟಿನ ಸುಕ್ಕು ಬಿಡಿಸಿ ಸಪಾಟ ಇಡ್ರಿ. ಫೋನು ಗೇಣು ದೂರ, ಅಲುಗಾಡಬಾರದು. ಇಡೀ ಕೋಡ್ ಚೌಕಟ್ಟಿನಾಗ ಬರಬೇಕು. ಆ ರಸ್ಕ್ ಒಳಗಿಡವ್ವಾ ಭಾಗ್ಯಾ, ಇಲ್ಲಾಂದ್ರ ಮತ್ತ ಅದ ಮುಂದ ಬರ್ತದ!"

ಟಿಣ್! ತಳಿಯ ಹೆಸರು ಬಂತು, ಅವಧಿ ಬಂತು. ಹನುಮೇಶ ಹಿಗ್ಗಿದ.

"ಟಿಣ್ ಅಂದ್ರ ಮುಗೀಲಿಲ್ಲಪಾ. ಫೋನಿನಾಗಿನ ಲಾಟ್ ನಂಬರ, ಪಾಕೀಟಿನ ಮ್ಯಾಲಿನ ನಂಬರ ಎರಡೂ ಒಂದ ಅದಾವೇನು ನೋಡು," ಎಂದಳು ದಾವಲ್ ಬೀ.

ದೇವದುರ್ಗದ ಪಾಕೀಟುಗಳೆಲ್ಲ ತಾಳೆಯಾದವು. ಕೊನೆಗೆ ಮಾನ್ವಿ ಸಂತೆಯದು. ಅದೂ ಸಲೀಸಾಗಿ ಸ್ಕ್ಯಾನ್ ಆಯಿತು. ಆದರೆ ನಂಬರು ಬೇರೆ ಬಂತು, ಅವಧಿಯೂ ಮುಗಿದಿತ್ತು. ಒರೆಸಿ ಮತ್ತೊಮ್ಮೆ ನೋಡಿದರೂ ಅದೇ.

ಹನುಮೇಶನ ಮುಖ ಸಣ್ಣದಾಯಿತು.

"ನಡೀಪಾ, ಅಂಗಡಿಯಾಂವನ ಮಾರಿ ಉಳೀತು," ಎಂದಳು ದಾವಲ್ ಬೀ. "ಇದನ್ನ ಒಡೀಬ್ಯಾಡ, ಒಗೀಬ್ಯಾಡ. ರೈತ ಸಂಪರ್ಕ ಕೇಂದ್ರದಾಗ ತೋರಿಸು. ಕೆಟ್ಟದ್ದೋ ಒಳ್ಳೇದೋ ಅವರ ಹೇಳಲಿ."

ಹನುಮೇಶ ಅದನ್ನು ಒಡೆಯದೆ ಅಲ್ಲಿಗೆ ಒಯ್ದು ಕೊಟ್ಟ. ಉಳಿದ ಬೀಜಕ್ಕೆ ನಾನು ಮತ್ತೆ ಭಂಡಾರ ಹಚ್ಚಿದೆ, ಈ ಸಲ ಪಾಕೀಟಿನ ಮೇಲಂಚಿಗೆ. ಬೆಳಿಗ್ಗೆ ಹಸಿ ಇರುವಾಗಲೇ ಊರಿ ಮುಗಿಸಿದೆವು. ಬೀಜ ಸಾಲದೆ ಉಳಿದ ಮೂಲೆಯಲ್ಲಿ ತೊಗರಿ ಹಾಕಿದೆವು. ಈಗ ಹತ್ತಿ ಸಾಲುಸಾಲಾಗಿ ಎದ್ದಿದೆ. ಬದುವಿನ ಮೇಲೆ ನಿಂತಾಗ ಮೊದಲು ಬೀರಪ್ಪನನ್ನು ನೆನೆಯುತ್ತೇನೆ, ಆಮೇಲೆ ಬೂದೆಮ್ಮನನ್ನು. ನನ್ನ ಹಾಸ್ಯ ಸಹಿಸಿಕೊಂಡ ಸೊಸೆಗೂ, ಗೆಳತಿಯ ಮನೆಯನ್ನು ಮರೆಯದ ದಾವಲ್ ಬೀಗೂ ದೇವರು ಒಳ್ಳೆಯದು ಮಾಡಲಿ.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬೀಜದ ಪಾಕೀಟು ಬಂದಿರಬಹುದು. ಒಡೆಯುವ ಮುಂಚೆ ಫೋನಿನ ಗಾಜು ಒರೆಸಿ, ನೆರಳಿನ ಬೆಳಕಿನಲ್ಲಿ ನಿಧಾನವಾಗಿ ಸ್ಕ್ಯಾನ್ ಮಾಡಿ, ನಂಬರು ತಾಳೆ ನೋಡಿ. ಹೊಂದದಿದ್ದರೆ ಕೇಳಿ ತಿಳಿಯಿರಿ. ರಸೀದಿಯನ್ನೂ ಖಾಲಿ ಪಾಕೀಟನ್ನೂ ಸುಗ್ಗಿಯವರೆಗೆ ಇಟ್ಟುಕೊಳ್ಳಿ. ಪೂಜೆ ಬಿಡಬೇಡಿ. ಭಂಡಾರವಿರಲಿ, ವಿಭೂತಿ ಇರಲಿ, ಕುಂಕುಮವಿರಲಿ, ಕೋಡಿನಿಂದ ಎರಡು ಬೆರಳು ದೂರ ಹಚ್ಚಿ. ದೇವರಿಗೆ ಅಲ್ಲಿಯೂ ಕಾಣುತ್ತದೆ.